ಚಿತ್ರ ನೋಡಿ ಮೊದಲ ಪತ್ರ ಬರೆಯಿರಿ

ಮೂರು ವರ್ಷದ ಹಿಂದಿನ ಏಪ್ರಿಲ್ ತಿಂಗಳಲ್ಲಿ ನಾನು ಕಾಸರಗೋಡು ಪೇಟೆಯ ಒಂದು ಸಣ್ಣ ಖಾಸಗಿ ಸಂಸ್ಥೆಗೆ ಕನ್ನಡ ಭಾಷಾ ಪರಿಶೀಲಕಿಯಾಗಿ ಸೇರಿದೆ. ಎಂ.ಎ. ಮುಗಿದಿತ್ತು, ಬಿ.ಎಡ್. ಮುಗಿದಿತ್ತು, ಸರಕಾರಿ ಅಧ್ಯಾಪಕ ಕೆಲಸದ ಪಿ.ಎಸ್.ಸಿ. ರ್‍ಯಾಂಕ್ ಪಟ್ಟಿಗಾಗಿ ಕಾಯುತ್ತಿದ್ದ ಕಾಲ ಅದು. ಬಸ್ ನಿಲ್ದಾಣದ ಹತ್ತಿರ, ಒಂದು ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ಆಫೀಸು. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಭಾಷಾ ವರ್ಕ್‌ಶೀಟ್ ತಯಾರಿಸುವುದು ಅಲ್ಲಿಯ ಕೆಲಸ. ವರ್ಕ್‌ಶೀಟ್ ಎಂದರೆ ಒಂದು ಎ-ಫೋರ್ ಹಾಳೆ: ಮೇಲೆ ಒಂದು ಸಾಲಿನ ಸೂಚನೆ, ಕೆಳಗೆ ಚಿತ್ರಗಳು, ಪಕ್ಕದಲ್ಲಿ ಮಕ್ಕಳು ತುಂಬಿಸಬೇಕಾದ ಚೌಕಗಳು. ಶಾಲೆಗಳು ಅದನ್ನು ಪ್ರಿಂಟ್ ತೆಗೆದು ಹಂಚುತ್ತವೆ.

ಸಂಸ್ಥೆಯ ಬಳಿ ಇಂಗ್ಲಿಷ್ ಹಾಳೆಗಳ ದೊಡ್ಡದೊಂದು ಸಂಗ್ರಹವಿತ್ತು. ಮೊದಲು ಮಲಯಾಳಕ್ಕೆ ಮಾಡಿದ್ದರು. ಆ ವರ್ಷ ಕನ್ನಡ ಮಾಧ್ಯಮದ ಶಾಲೆಗಳಿಗೂ ಮಾಡಿಕೊಡಲು ಒಪ್ಪಿಕೊಂಡಿದ್ದರು. ವಿಧಾನ ಸರಳ. ಸೂಚನೆಗಳನ್ನು ಇಂಗ್ಲಿಷಿನಿಂದ ಕಂಪ್ಯೂಟರ್ ಅನುವಾದ ಮಾಡುತ್ತಿತ್ತು, ಉತ್ತರಸೂಚಿಯನ್ನು ಮಲಯಾಳದ ಹಾಳೆಯಿಂದ ಎತ್ತಿ ಕನ್ನಡ ಲಿಪಿಗೆ ತಿರುಗಿಸುತ್ತಿದ್ದರು. ಕೊನೆಯಲ್ಲಿ ಅದನ್ನು ಕನ್ನಡವೆನಿಸುವುದು ನನ್ನ ಪಾಲಿನ ಕೆಲಸ.

ಮೊದಲ ದಿನ ನನ್ನ ಮೇಜಿಗೆ ಬಂದ ಹಾಳೆಯಲ್ಲಿ ‘ಪ್ರಾಸ ಪದಗಳನ್ನು ಗೆರೆ ಎಳೆದು ಜೋಡಿಸಿ’ ಎಂದಿತ್ತು. ಜೋಡಿಸಬೇಕಾದ ಪದಗಳು ‘ಬೆಕ್ಕು’ ಮತ್ತು ‘ಟೋಪಿ’. ಇಂಗ್ಲಿಷಿನಲ್ಲಿ ಅವು ಪ್ರಾಸವೇ, ಕ್ಯಾಟ್ ಮತ್ತು ಹ್ಯಾಟ್. ಮುಂದಿನ ಹಾಳೆಯ ವಿರುದ್ಧಾರ್ಥಕ ಪದಗಳಲ್ಲಿ ‘ಸರಿ’ಗೆ ‘ಎಡ’ ವಿರುದ್ಧವಾಗಿತ್ತು. ರೈಟ್ ಎಂಬುದು ಬಲವೂ ಹೌದು, ಸರಿಯೂ ಹೌದು ಎಂಬುದು ಯಂತ್ರಕ್ಕೆ ತಿಳಿಯದು. ನಾನು ಕೆಂಪು ಪೆನ್ನಿನಿಂದ ಇಡೀ ಪುಟವನ್ನೇ ಹೊಡೆದು ಹಾಕಿದೆ.

ಎದುರಿನ ಮೇಜಿನಲ್ಲಿ ಡಿ.ಟಿ.ಪಿ. ಮಾಡುತ್ತಿದ್ದವಳು ಸಫಿಯಾ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಮೂರರಲ್ಲೂ ತಮಾಷೆ ಮಾಡುತ್ತಿದ್ದಳು.

“ಬೆಕ್ಕು, ಟೋಪಿ ಪ್ರಾಸ ಆಗುವುದಿಲ್ಲವಾ ಮಾರಾಯ್ತಿ? ಎರಡನ್ನೂ ತಲೆಮೇಲೆ ಕೂರಿಸಿದರೆ ಕೆಳಗೆ ಬೀಳ್ತದೆ. ಅಷ್ಟು ಸಾಲದಾ?”

ನಾನು ನಕ್ಕೆ. ಆಗ ಅದು ನಗುವ ವಿಷಯವೇ ಆಗಿತ್ತು.

ಎಲ್ಲಕ್ಕಿಂತ ಹೆಚ್ಚು ಸಲ ನಾನು ತಿದ್ದಿದ ತಪ್ಪು ಒಂದೇ. ಇಂಗ್ಲಿಷಿನ ಲೆಟರ್ ಎಂಬ ಪದಕ್ಕೆ ಅಕ್ಷರ ಎಂಬ ಅರ್ಥವೂ ಇದೆ, ಪತ್ರ ಎಂಬ ಅರ್ಥವೂ ಇದೆ. ಕಂಪ್ಯೂಟರಿಗೆ ಯಾವಾಗಲೂ ಪತ್ರವೇ ಇಷ್ಟ. ಹಾಗಾಗಿ ‘ಚಿತ್ರ ನೋಡಿ ಮೊದಲ ಅಕ್ಷರ ಬರೆಯಿರಿ’ ಎಂದಿರಬೇಕಾದಲ್ಲೆಲ್ಲ ‘ಚಿತ್ರ ನೋಡಿ ಮೊದಲ ಪತ್ರ ಬರೆಯಿರಿ’ ಎಂದು ಬರುತ್ತಿತ್ತು. ‘ಪತ್ರ’ವನ್ನು ಹೊಡೆದು ‘ಅಕ್ಷರ’ ಎಂದು ಬರೆಯುವುದು ಕೈಗೆ ಎಷ್ಟು ಅಭ್ಯಾಸವಾಯಿತೆಂದರೆ ಓದದೆಯೇ ಬರೆಯುತ್ತಿದ್ದೆ.

ಸಂಸ್ಥೆಯ ಯಜಮಾನರು ಪ್ರಮೋದ್ ಸರ್. ಊರಿನವರೇ, ಸೌಮ್ಯ ಮಾತಿನವರು. ನನ್ನ ಕೆಂಪು ಗುರುತುಗಳನ್ನು ಕಂಡರೆ ಮಾತ್ರ ಮುಖ ಸಣ್ಣದು ಮಾಡುತ್ತಿದ್ದರು.

“ಮಕ್ಕಳ ಹಾಳೆ ಇದು ಮೇಡಂ, ಪಿ.ಎಚ್.ಡಿ. ಥೀಸಿಸ್ ಅಲ್ಲ. ಅವರಿಗೆ ಚಿತ್ರ ಮುಖ್ಯ. ಸೂಚನೆ ಯಾರು ಓದ್ತಾರೆ?”

ಮೇ ತಿಂಗಳ ಕೊನೆಯ ದಿನ ಮೂರನೇ ತರಗತಿಯ ಕಟ್ಟು ಪ್ರೆಸ್ಸಿಗೆ ಹೋಗಬೇಕಿತ್ತು. ಸಫಿಯಾ ತಂಗಿಯ ಮದುವೆಯೆಂದು ರಜೆಯಲ್ಲಿದ್ದಳು. ಪ್ರಮೋದ್ ಸರ್ ಕೊನೆಯ ಪ್ರೂಫ್ ತಂದು, “ಎಲ್ಲ ಕರೆಕ್ಷನ್ ಹಾಕಿ ಆಗಿದೆ, ಒಂದು ಸೈನ್ ಹಾಕಿ” ಎಂದರು. ಮೇಲಿನ ಹಾಳೆ ನೋಡಿದೆ, ಸರಿಯಿತ್ತು. ಒಳಗಿನ ಹಾಳೆಗಳನ್ನು ತಿರುವಲಿಲ್ಲ. ಐದೂವರೆಯ ಬಸ್ಸು ತಪ್ಪಿದರೆ ಆರೂಕಾಲರವರೆಗೆ ನಿಲ್ಲಬೇಕಿತ್ತು. ಸಹಿ ಹಾಕಿದೆ. ಆಮೇಲೆ ನಡೆದದ್ದಕ್ಕೆ ಬೇರೆಯವರನ್ನು ಎಷ್ಟು ದೂರಿದರೂ ಈ ಕಾರಣವನ್ನು ನಾನು ಬರೆಯಲೇಬೇಕು.

ಜೂನ್ ತಿಂಗಳಲ್ಲಿ ಆ ಹಾಳೆಗಳನ್ನು ಹಲವು ಶಾಲೆಗಳಲ್ಲಿ ಪರೀಕ್ಷೆಯಂತೆ ಬಳಸಿದರು. ಇದಕ್ಕೆ ಬೇಸ್‌ಲೈನ್ ಎನ್ನುತ್ತಾರೆ. ವರ್ಷದ ಆರಂಭದಲ್ಲಿ ಮಗು ಎಲ್ಲಿದೆ ಎಂದು ತಿಳಿಯುವ ಕ್ರಮ ಅದು. ನಿಯಮ ಬಿಗಿಯಾಗಿತ್ತು: ಲಕೋಟೆ ತರಗತಿಯಲ್ಲೇ ಒಡೆಯಬೇಕು, ಅಧ್ಯಾಪಕರು ಸೂಚನೆಯನ್ನು ವಿವರಿಸಕೂಡದು, ಹಾಳೆಗಳನ್ನು ಹಾಗೆಯೇ ಸಂಸ್ಥೆಗೆ ಮರಳಿಸಬೇಕು. ನಮ್ಮ ಆಫೀಸಿನಲ್ಲಿ ಮೂವರು ಹುಡುಗಿಯರು ಉತ್ತರಸೂಚಿ ಇಟ್ಟುಕೊಂಡು ಗುರುತು ಹಾಕಿದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸೂಚಿಯಲ್ಲಿರುವ ಆಕಾರ ಚೌಕದಲ್ಲಿದೆಯೇ ಎಂದು ನೋಡಿದರೆ ಸಾಕು ಎಂದು ಅವರಿಗೆ ಹೇಳಲಾಗಿತ್ತು.

ಜುಲೈ ಕೊನೆಯ ಒಂದು ಗುರುವಾರ ಮಧ್ಯಾಹ್ನ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದರು. ಜೊತೆಯಲ್ಲಿ ಶಾಲೆಯ ಸಮವಸ್ತ್ರದ ಒಬ್ಬಳು ಹುಡುಗಿ. ಹೆಂಗಸು ಬಾಗಿಲಲ್ಲೇ ನಿಂತು ನನ್ನ ಹೆಸರು ಹೇಳಿ ಕೇಳಿದರು. ನಾನೇ ಎಂದಾಗ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಅದು ಮಗುವಿನ ರಿಪೋರ್ಟು, ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೆಳಗೆ ಮಾತ್ರ ಕನ್ನಡದ ಸಣ್ಣ ಅಕ್ಷರದಲ್ಲಿ ‘ಭಾಷಾ ಪರಿಶೀಲನೆ’ ಎಂದೂ ಪಕ್ಕದಲ್ಲಿ ನನ್ನ ಹೆಸರೂ ಇತ್ತು.

“ಇದರಲ್ಲಿ ಕನ್ನಡದಲ್ಲಿ ಇರುವುದು ನಿಮ್ಮ ಹೆಸರು ಮಾತ್ರ ಟೀಚರೇ. ಅದಕ್ಕೆ ನಿಮ್ಮನ್ನು ಕೇಳಿಕೊಂಡು ಬಂದೆ. ಇದರಲ್ಲಿ ಎಂತ ಬರೆದದ್ದು?”

ಅವರ ಹೆಸರು ಸುಮತಿ. ಬದಿಯಡ್ಕದ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ, ಮನೆಮಾತು ತುಳು. ಮಗಳು ಧನ್ಯಾ, ಅಲ್ಲಿಂದ ಒಳಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದ ಒಂದು ಶಾಲೆಯಲ್ಲಿ ಮೂರನೇ ತರಗತಿ. ರಿಪೋರ್ಟಿನಲ್ಲಿದ್ದದ್ದು ಮೂರು ವಾಕ್ಯ: ಮಗು ನಿರೀಕ್ಷಿತ ಮಟ್ಟಕ್ಕಿಂತ ಕೆಳಗಿದೆ. ಬರೆದ ಸೂಚನೆಯನ್ನು ಗ್ರಹಿಸುವುದಿಲ್ಲ. ಕಲಿಕಾ ವೈಕಲ್ಯದ ತಪಾಸಣೆಗೆ ಕಳುಹಿಸಬಹುದು.

ನಾನು ಹೇಳಿದ್ದನ್ನು ಕೇಳಿ ಅವರು ಇನ್ನೊಂದು ಕಾಗದ ತೆಗೆದರು. ಅದು ಸಮ್ಮತಪತ್ರ. ತಪಾಸಣೆಗೆ ತಾಯಿಯ ಒಪ್ಪಿಗೆ ಇದೆ ಎಂದು ಸಹಿ ಹಾಕಿ ಸೋಮವಾರ ಶಾಲೆಗೆ ಕೊಡಬೇಕಿತ್ತು.

“ಎಚ್.ಎಂ. ಟೀಚರ್ ಹೇಳಿದರು, ಇದು ಇವಳಿಗೇ ಒಳ್ಳೆಯದು, ಪರೀಕ್ಷೆಯಲ್ಲಿ ರಿಯಾಯಿತಿ ಸಿಗ್ತದೆ ಅಂತ. ಆದರೆ ಒಮ್ಮೆ ಆ ಹೆಸರು ಬಿದ್ದರೆ ಮತ್ತೆ ಹೋಗ್ತದಾ? ನಮ್ಮ ನೆರೆಮನೆಯ ಮಾಣಿಗೆ ಹಾಗೆ ಬರೆದರು. ಈಗ ಮಕ್ಕಳೆಲ್ಲ ಅವನನ್ನು ಕರೆಯುವುದೇ ಆ ಹೆಸರಿನಲ್ಲಿ.” ಮಗಳ ಕಡೆ ತೋರಿಸಿ ಸೇರಿಸಿದರು, “ಇವಳು ಬಟ್ಟೆ ಸುತ್ತಿಕೊಟ್ಟ ಪೇಪರನ್ನು ಕೂಡ ಬಿಡುವುದಿಲ್ಲ, ಓದ್ತಾಳೆ. ಓದಿದ್ದು ಅರ್ಥ ಆಗುವುದಿಲ್ಲ ಅಂದರೆ ನಾನು ಹೇಗೆ ಒಪ್ಪುವುದು?”

ಅಷ್ಟು ಹೊತ್ತೂ ಧನ್ಯಾ ನನ್ನ ಮೇಜಿನ ಮೇಲಿದ್ದ ಪ್ರೂಫನ್ನು ತಲೆಕೆಳಗಿನಿಂದಲೇ ಓದುತ್ತಿದ್ದಳು. ತುಟಿ ಅಲುಗುತ್ತಿತ್ತು.

ಮೌಲ್ಯಮಾಪನ ಮುಗಿದ ಹಾಳೆಗಳನ್ನು ಹಿಂದಿನ ಕೋಣೆಯಲ್ಲಿ ಅಕ್ಕಿಯ ಗೋಣಿಗಳಲ್ಲಿ ತುಂಬಿಸಿಟ್ಟಿದ್ದರು. ನಾನೂ ಸಫಿಯಾಳೂ ಮೂರು ಗೋಣಿಗಳನ್ನು ನೆಲಕ್ಕೆ ಸುರಿದೆವು. ಚಪ್ಪಲಿ ಅಂಗಡಿಯ ರಬ್ಬರ್ ವಾಸನೆ, ಗೋಣಿಯ ಧೂಳು, ಹಾಳೆಗಳ ನಡುವೆ ಹಲ್ಲಿಯ ಹಿಕ್ಕೆ. ಮಕ್ಕಳು ಮೊದಲ ವಾರದ ಹೊಸ ಪೆನ್ಸಿಲಿನಿಂದ ಬರೆದ ಹಾಳೆಗಳು ಅವು. ಅರ್ಧ ಗಂಟೆಯ ಬಳಿಕ ಆ ಶಾಲೆಯ ಕಟ್ಟು ಸಿಕ್ಕಿತು. ಇಪ್ಪತ್ತಮೂರು ಮಕ್ಕಳದು.

ನಾಲ್ಕನೇ ಹಾಳೆಯ ನೆತ್ತಿಯಲ್ಲಿ ಅಚ್ಚಾಗಿತ್ತು: ‘ಚಿತ್ರ ನೋಡಿ ಮೊದಲ ಪತ್ರ ಬರೆಯಿರಿ.’

ಅಡಿಯಲ್ಲಿ, ರಿಪೋರ್ಟಿನಲ್ಲಿದ್ದ ಹಾಗೆಯೇ, ನನ್ನ ಹೆಸರು. ನಾನು ತಿದ್ದಿದ್ದ ತಪ್ಪು ಅದು. ಈ ಹಾಳೆಯನ್ನು ತಿದ್ದುಪಡಿ ಹಾಕದ ಹಳೆಯ ಫೈಲಿನಿಂದಲೇ ಯಾರೋ ಕಟ್ಟಿಗೆ ಸೇರಿಸಿದ್ದರು. ಆ ಕಟ್ಟಿಗೆ ಸಹಿ ಹಾಕಿದವಳು ನಾನು.

ಮೊದಲ ಚಿತ್ರ ತಾವರೆ. ಉದಾಹರಣೆಯಾಗಿ ಅದರ ಚೌಕದಲ್ಲಿ ‘ತಾ’ ಎಂದು ಅಚ್ಚಾಗಿತ್ತು. ಕೆಳಗೆ ಬೆಕ್ಕು, ಮೀನು, ಕೊಡೆ, ಆನೆ. ಉಳಿದ ಇಪ್ಪತ್ತೆರಡು ಮಕ್ಕಳು ಮೇಲಿನ ಸಾಲನ್ನು ಓದಿರಲಿಲ್ಲ, ಅಥವಾ ಓದಿ ಬಿಟ್ಟಿದ್ದರು. ಚೌಕದ ಗಾತ್ರ ನೋಡಿ ಒಂದೊಂದು ಅಕ್ಷರ ಬರೆದಿದ್ದರು. ಧನ್ಯಾ ಓದಿದ್ದಳು. ಹೇಳಿದ್ದನ್ನೇ ಮಾಡಿದ್ದಳು.

ಬೆಕ್ಕಿನ ಚೌಕದಿಂದ ಸಾಲು ಹೊರಟು, ಗೆರೆ ದಾಟಿ, ಹಾಳೆಯ ಅಂಚಿನವರೆಗೆ ಹೋಗಿತ್ತು: ‘ಪ್ರೀತಿಯ ಬೆಕ್ಕಿಗೆ, ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿದ್ದೀಯಾ. ನಮ್ಮ ಮನೆಗೆ ಬಾ. ಹಾಲು ಉಂಟು. ಇದು ನನ್ನ ಮೊದಲ ಪತ್ರ. ಇಲ್ಲಿ ಜಾಗ ಇಲ್ಲ. ಇತಿ ಧನ್ಯಾ.’

ಮೀನಿಗೆ: ‘ಪ್ರೀತಿಯ ಮೀನೇ, ಅಜ್ಜ ಗಾಳ ತೆಗೆದುಕೊಂಡು ಬರುತ್ತಿದ್ದಾರೆ. ಓಡು.’

ಕೊಡೆಗೆ: ‘ಪ್ರೀತಿಯ ಕೊಡೆಯೇ, ನಿನ್ನನ್ನು ಬಸ್ಸಿನಲ್ಲಿ ಬಿಟ್ಟದ್ದು ನಾನೇ. ಅಮ್ಮನಿಗೆ ಹೇಳಬೇಡ.’

ಕೊನೆಯ ಚಿತ್ರದ ಬಳಿಗೆ ಬರುವಾಗ ಬೆಲ್ ಆಗಿರಬೇಕು. ಅಲ್ಲಿ ಅವಸರದ ಅಕ್ಷರದಲ್ಲಿ ಒಂದೇ ಸಾಲು: ‘ಆನೆಗೆ ನಾಳೆ ಬರೆಯುತ್ತೇನೆ.’

ನಾಲ್ಕು ಪತ್ರಗಳ ಮೇಲೂ ಸೇರಿಸಿ, ಮೂಲೆಯಿಂದ ಮೂಲೆಗೆ, ಒಂದು ದೊಡ್ಡ ಕೆಂಪು ಇಂಟು ಎಳೆದಿದ್ದರು.

ಸಫಿಯಾ ತಮಾಷೆ ಮಾಡಲಿಲ್ಲ. ಉಳಿದ ಮಕ್ಕಳ ಹಾಳೆಗಳನ್ನು ತಿರುವುತ್ತಾ ಹೋದವಳು ಸ್ವಲ್ಪ ಹೊತ್ತಿನ ಬಳಿಕ, “ಇದನ್ನೂ ನೋಡು” ಎಂದಳು. ಬೆಕ್ಕಿಗೆ ‘ಬೆ’ ಎಂದು ಬರೆದ ಮಕ್ಕಳಿಗೆಲ್ಲ ತಪ್ಪು ಬಿದ್ದಿತ್ತು. ಉತ್ತರಸೂಚಿಯಲ್ಲಿ ‘ಪೂ’ ಎಂದಿತ್ತು, ಮಲಯಾಳದಲ್ಲಿ ಬೆಕ್ಕಿಗೆ ಹೇಳುವ ಪೂಚ್ಚದ ಪೂ. ತುಳುವಿನ ಪುಚ್ಚೆಯನ್ನು ನೆನೆದು ‘ಪು’ ಬರೆದ ಐವರಿಗೆ ಮಾತ್ರ, ಆಕಾರ ಹತ್ತಿರವಿದೆ ಎಂದು, ಸರಿ ಹಾಕಿದ್ದರು. ಕನ್ನಡದ ಪರೀಕ್ಷೆಯಲ್ಲಿ ಕನ್ನಡ ಬರೆದವರೆಲ್ಲ ಸೋತಿದ್ದರು. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಆ ಹಾಳೆಯನ್ನು ಹಿಡಿದು ಧನ್ಯಾಳ ಪಕ್ಕ ಕುಳಿತೆ. ತಾವರೆಯ ಚೌಕ ತೋರಿಸಿ, “ಇಲ್ಲಿ ಒಂದೇ ಅಕ್ಷರ ಇತ್ತಲ್ಲ, ನೋಡಲಿಲ್ಲವಾ?” ಎಂದು ಕೇಳಿದೆ.

ಅವಳು ತಾಯಿಯ ಮುಖ ನೋಡಿ, ಆಮೇಲೆ ಮೆಲ್ಲಗೆ ಹೇಳಿದಳು: “ತಾವರೆಗೆ ಯಾರೋ ಬರೆಯಲಿಕ್ಕೆ ಶುರು ಮಾಡಿ ಅರ್ಧದಲ್ಲಿ ಬಿಟ್ಟಿದ್ದಾರೆ ಅಂತ ಎಣಿಸಿದೆ.”

ಸುಮತಿಯವರನ್ನು ಕುಳ್ಳಿರಿಸಿ ನಾನು ಪ್ರಮೋದ್ ಸರ್ ಕೋಣೆಗೆ ಹೋದೆ. ಹಾಳೆ ಮುಂದಿಟ್ಟೆ. ಅವರು ಓದಿ ನಕ್ಕರು, ಮೆಚ್ಚಿಕೊಂಡೇ ನಕ್ಕರು.

“ಭಾರಿ ಲಾಯ್ಕ್ ಬರೆದಿದ್ದಾಳೆ. ಜೋರಿದ್ದಾಳೆ ಹುಡುಗಿ.”

“ರಿಪೋರ್ಟು ಹಿಂತೆಗೆದುಕೊಳ್ಳಬೇಕು ಸರ್. ಈ ಹಾಳೆಯ ಅಂಕಗಳೆಲ್ಲ ತಪ್ಪು. ಎಲ್ಲ ಶಾಲೆಗಳಿಗೂ ತಿಳಿಸಬೇಕು.”

ನಗು ನಿಂತಿತು. “ಎಲ್ಲ ಶಾಲೆ ಎಂತಕ್ಕೆ? ಬೆಕ್ಕು ಎಲ್ಲರಿಗೂ ತಪ್ಪಾದರೆ ಎವರೇಜಿಗೆ ಎಂತ ತೊಂದರೆ ಉಂಟು? ಈ ಮಗುವಿಗೆ ಒಂದು ಬಿ ಗ್ರೇಡ್ ಹಾಕಿ ಹೊಸ ರಿಪೋರ್ಟು ಕೊಡುವ. ಈಗಲೇ, ಐದು ನಿಮಿಷದಲ್ಲಿ. ತಾಯಿಗೂ ಖುಷಿ.”

“ಬೇರೆ ಮಕ್ಕಳು?”

“ಬೇರೆಯವರ ತಾಯಿ ಬಂದಿದ್ದಾರಾ?” ಎಂದು ಕೇಳಿ, ಮೇಜಿನ ಡ್ರಾಯರಿನಿಂದ ಮೂರನೇ ತರಗತಿಯ ಕೊನೆಯ ಪ್ರೂಫ್ ತೆಗೆದು, ನನ್ನ ಸಹಿಯ ಮೇಲೆ ಬೆರಳಿಟ್ಟರು. ಬೆದರಿಸುವ ದನಿಯೇ ಇರಲಿಲ್ಲ. “ತಪ್ಪು ಅಂತ ಬರೆದುಕೊಟ್ಟರೆ ಯಾರ ತಪ್ಪು ಅಂತ ಕೇಳ್ತಾರೆ ಮೇಡಂ. ನಿಮಗೆ ಪಿ.ಎಸ್.ಸಿ. ಪಟ್ಟಿ ಬರಲಿಕ್ಕೆ ಉಂಟು. ಸುಮ್ಮನೆ ಹೆಸರು ಎಂತಕ್ಕೆ ಹಾಳು ಮಾಡಿಕೊಳ್ಳುವುದು?”

ಕೋಪ ಬರಬೇಕಿತ್ತು, ಬರಲಿಲ್ಲ. ಕೈಗೆ ಏನೋ ಅಂಟು ಮೆತ್ತಿಕೊಂಡ ಹಾಗೆ ಹೇಸಿಗೆಯಾಯಿತು. ಆ ಮನುಷ್ಯ ನನ್ನ ಒಳಿತಿಗೇ ಹೇಳುತ್ತಿದ್ದೇನೆಂದು ನಂಬಿದ್ದರು. ಒಂದು ಕ್ಷಣ ಆ ಬಿ ಗ್ರೇಡು ನನಗೂ ಅನುಕೂಲವೆನಿಸಿತ್ತು. ಅದಕ್ಕೂ ಹೇಸಿಗೆಯಾಯಿತು.

ನನ್ನ ಮೇಜಿಗೆ ಬಂದು ಬಿಳಿ ಕಾಗದ ತೆಗೆದುಕೊಂಡು ಆ ಶಾಲೆಯ ಎಚ್.ಎಂ.ಗೆ ಬರೆದೆ. ನಾಲ್ಕನೇ ಹಾಳೆಯ ಸೂಚನೆ ತಪ್ಪಾಗಿದೆ, ಉತ್ತರಸೂಚಿಯೂ ತಪ್ಪಾಗಿದೆ, ಈ ಮಗು ಸೂಚನೆಯನ್ನು ಅಕ್ಷರಶಃ ಪಾಲಿಸಿದೆ, ಓದದೆ ಸಹಿ ಹಾಕಿದ ಹೊಣೆ ನನ್ನದು. ಅದೇ ಒಕ್ಕಣೆಯನ್ನು ಹಾಳೆ ಹೋಗಿದ್ದ ಉಳಿದ ಶಾಲೆಗಳಿಗೂ ಬರೆದು ಅಂಚೆಗೆ ಹಾಕಿದೆ. ಆ ಉದ್ಯೋಗದಲ್ಲಿ ನಾನು ಬರೆದ ಮೊದಲ ಪತ್ರಗಳು ಅವು. ಉಳಿದ ಶಾಲೆಗಳಿಂದ ಉತ್ತರ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಏಕೆಂದರೆ ಮರುದಿನವೇ ಕೆಲಸ ಬಿಟ್ಟೆ.

ಸೋಮವಾರ ಸುಮತಿಯವರ ಜೊತೆ ಶಾಲೆಗೆ ಹೋದೆ. ಎಚ್.ಎಂ. ಟೀಚರ್ ನಿವೃತ್ತಿಗೆ ಹತ್ತಿರದವರು. ಪತ್ರವನ್ನು ಎರಡು ಸಲ ಓದಿದರು. ಧನ್ಯಾಳ ಹಾಳೆಯ ಪ್ರತಿಯನ್ನು ಒಂದು ಸಲ ನೋಡಿದರು.

“ನೀವು ಹೇಳುವುದೆಲ್ಲ ಸರಿ. ಆದರೆ ರಿಪೋರ್ಟು ಮೇಲೆ ಹೋಗಿ ಆಗಿದೆ. ಕೆಳಗಿನ ಮಟ್ಟದ ಮಕ್ಕಳಿಗೆ ವೈಕಲ್ಯದ ಸರ್ಟಿಫಿಕೇಟ್ ಇದ್ದರೆ ಶಾಲೆಯ ಲೆಕ್ಕದಲ್ಲಿ ಅವರನ್ನು ಬೇರೆ ತೋರಿಸಬಹುದು. ಇಲ್ಲದಿದ್ದರೆ ಟೀಚರಿಗೆ ಮೆಮೋ. ನಾನೂ ಯೋಚಿಸಬೇಕಲ್ಲ?”

“ಹಾಗಾದರೆ ಶಾಲೆಗೆ ಮರ್ಯಾದೆ ಹೋಗಬಾರದು ಅಂತ ನನ್ನ ಮಗಳಿಗೆ ಕಾಯಿಲೆ-ಸೀಕು ಅಂತ ಬರೆಯುವುದಾ ಟೀಚರೇ?” ಸುಮತಿಯವರ ದನಿ ಏರಲಿಲ್ಲ. ಸಮ್ಮತಪತ್ರವನ್ನು ಮಡಚಿ ಚೀಲದೊಳಗೆ ಹಾಕಿ, ಚೀಲದ ಬಾಯಿ ಎಳೆದು ಕಟ್ಟಿದರು. “ನಾನು ಸೈನ್ ಹಾಕುವುದಿಲ್ಲ.”

ಎಚ್.ಎಂ. ಟೀಚರ್ ಎದ್ದು ಕಪಾಟಿನಿಂದ ಅದೇ ನಾಲ್ಕನೇ ಹಾಳೆಯ, ಉಪಯೋಗಿಸದ ಒಂದು ಪ್ರತಿ ತೆಗೆದರು. “ಇಲ್ಲೇ ಮಾಡಲಿ. ಸರಿ ಮಾಡಿದರೆ ಸುಧಾರಿಸಿದ್ದಾಳೆ ಅಂತ ನಾನೇ ಬರೆದು ಕಳಿಸ್ತೇನೆ. ತಪಾಸಣೆ ಬೇಡ.”

ಸೂಚನೆ ತಿದ್ದದ ಹಾಳೆಯದು. ನಾನು ಬಾಯಿ ತೆರೆಯುವ ಮೊದಲೇ ಧನ್ಯಾ ಪೆನ್ಸಿಲು ಹಿಡಿದಿದ್ದಳು. ಮೇಲಿನ ಸಾಲಿನ ಮೇಲೆ ಅವಳ ಕಣ್ಣು ನಿಂತದ್ದನ್ನು ನಾನು ಕಂಡೆ. ತುಟಿ ಅಲುಗಿತು. ಆಮೇಲೆ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, ತಲೆ ತಗ್ಗಿಸಿ ಬರೆದಳು. ಬೆ. ಮೀ. ಕೊ. ಆ. ನಾಲ್ಕು ಚೌಕ, ನಾಲ್ಕು ಅಕ್ಷರ. ಒಂದೂ ಗೆರೆ ದಾಟಲಿಲ್ಲ.

“ನೋಡಿದಿರಾ, ಎಷ್ಟು ಚಂದ ಮಾಡಿದಳು!” ಎಚ್.ಎಂ. ಟೀಚರಿಗೆ ನಿಜವಾಗಿಯೂ ಸಂತೋಷವಾಗಿತ್ತು. ನಮ್ಮೆದುರೇ ರಿಜಿಸ್ಟರಿನಲ್ಲಿ ಬರೆದರು: ಸೂಚನೆ ಗ್ರಹಿಸುತ್ತಾಳೆ. ಪ್ರಗತಿ ಇದೆ.

ಸುಮತಿಯವರು ಸೆರಗಿನಿಂದ ಕಣ್ಣು ಒರೆಸಿಕೊಂಡು ನನಗೆ ಕೈಮುಗಿದರು. ನಾವು ಗೆದ್ದಿದ್ದೆವು. ಮಗುವಿಗೆ ಆ ಹೆಸರು ಬೀಳಲಿಲ್ಲ. ಆದರೆ ಬರೆದದ್ದನ್ನು ಓದಿ ಹಾಗೆಯೇ ಮಾಡುವ ಒಂದು ಮಗುವಿಗೆ, ಓದಿದ್ದನ್ನು ಬಿಟ್ಟು ದೊಡ್ಡವರ ಮುಖ ನೋಡಿ ಉತ್ತರ ಬರೆಯಬೇಕೆಂಬುದನ್ನು ನಾವೆಲ್ಲ ಸೇರಿ ಎರಡು ತಿಂಗಳಲ್ಲಿ ಕಲಿಸಿದ್ದೆವು. ರಿಜಿಸ್ಟರಿನಲ್ಲಿ ಅದಕ್ಕೆ ಪ್ರಗತಿ ಎಂದು ಹೆಸರು.

ಗೇಟಿನ ಬಳಿ ಧನ್ಯಾ ನನ್ನ ಕೈ ಹಿಡಿದು ಜಗ್ಗಿದಳು. ತಾಯಿಗೆ ಕೇಳಿಸದ ಹಾಗೆ ಕೇಳಿದಳು: “ಹಾಗಾದರೆ ಆನೆಗೆ ಬರೆಯುವುದು ಬೇಡವಾ?”

“ಬರೆ” ಎಂದೆ. ಚೀಲದಲ್ಲಿ ಉಳಿದಿದ್ದ ಬಿಳಿ ಕಾಗದವನ್ನೆಲ್ಲ ಕೊಟ್ಟೆ. ಅವಳು ಕಾಗದಗಳನ್ನು ತಿರುಗಿಸಿ, ಎರಡೂ ಬದಿಯಲ್ಲಿ ಚೌಕ ಇಲ್ಲವೆಂದು ಖಚಿತಪಡಿಸಿಕೊಂಡು ತೆಗೆದುಕೊಂಡಳು.

ಈಗ ನಾನು ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಯಾವ ಹಾಳೆಯನ್ನೂ ಮಕ್ಕಳಿಗೆ ಕೊಡುವ ಮೊದಲು ಪೆನ್ಸಿಲು ಹಿಡಿದು ನಾನೇ ಮಾಡುತ್ತೇನೆ, ಸೂಚನೆ ಹೇಳಿದಷ್ಟನ್ನೇ, ಹೇಳಿದ ಹಾಗೆಯೇ. ಅಚ್ಚಾದ ಮಾತನ್ನು ಪೂರ್ತಿ ನಂಬುವ ಮಗು ತರಗತಿಗೆ ಒಂದಾದರೂ ಇರುತ್ತದೆ. ಹಾಳೆಯನ್ನು ಪರಿಶೀಲಿಸುವುದೆಂದರೆ ಆ ಒಂದು ಮಗುವಿನಂತೆ ಓದುವುದು. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದು ನಾನು, ಬೆಲೆ ತೆತ್ತದ್ದು ಇನ್ನೊಬ್ಬಳು.

ಕಳೆದ ತಿಂಗಳು ಬದಿಯಡ್ಕದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಯಂತ್ರದಿಂದ ಬಿಸಿ ಹಾಳೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ತಾವರೆ, ಬೆಕ್ಕು, ಮೀನು, ಕೊಡೆ, ಆನೆ. ನೆತ್ತಿಯಲ್ಲಿ ಅದೇ ಸಾಲು, ಅಡಿಯಲ್ಲಿ ನನ್ನ ಹೆಸರು.

“ಯಾವ ಶಾಲೆಗೆ ಇದು?” ಎಂದು ಕೇಳಿದೆ.

“ಗೊತ್ತಿಲ್ಲ ಟೀಚರೇ, ವಾಟ್ಸಾಪಿನಲ್ಲಿ ಕಳಿಸಿದ್ದು. ನಲವತ್ತು ಪ್ರತಿ. ಮಧ್ಯಾಹ್ನ ಜನ ಬರ್ತದೆ.”

ಆಗಲೇ ಮೂವತ್ತೆಂಟು ಬಿದ್ದಿದ್ದವು. ಅಂಗಡಿಯವನ ಒಪ್ಪಿಗೆ ಕೇಳಿ, ಬೆಂಚಿನ ಮೇಲೆ ಕುಳಿತು ನಲವತ್ತು ಹಾಳೆಗಳಲ್ಲೂ ‘ಪತ್ರ’ವನ್ನು ಹೊಡೆದು ‘ಅಕ್ಷರ’ ಎಂದು ಬರೆದೆ. ಈ ಸಲ ಪ್ರತಿಯೊಂದನ್ನೂ ಓದಿಯೇ ಬರೆದೆ. ಬಸ್ಸು ಹೋಯಿತು. ಅಡಿಯಲ್ಲಿದ್ದ ಹೆಸರನ್ನೂ ಹೊಡೆಯಬಹುದಿತ್ತು. ಹೊಡೆಯಲಿಲ್ಲ.